ಡಬ್ಬಿ ಮೇಲೆ ‘ವಾಲ್ಯೂಮ್’, ಒಳಗೆಲ್ಲ ಜಿಡ್ಡು

ಲೇಯರ್ ಕಟ್ ಇರುವ ಅಲೆಗೂದಲಿಗೆ ಏನಾದರೂ ಕೊಡಿ ಅಂದರೆ ಅಂಗಡಿಯವರು ಕೈಗಿಡುವುದು ದಟ್ಟ ಗುಂಗುರು ಕೂದಲಿನ ಕ್ರೀಮು. ಡಬ್ಬಿಯ ಮುಂದೆ ದಪ್ಪಕ್ಷರದಲ್ಲಿ ‘ವಾಲ್ಯೂಮ್’ ಅಂತಿರುತ್ತದೆ, ಅಂದರೆ ಕೂದಲು ಬುಡದಿಂದೆದ್ದು ತುಂಬಿದಂತೆ ಕಾಣುವುದು. ಹಿಂದೆ ತಿರುಗಿಸಿದರೆ ನೀರಾದ ಮೇಲೆ ಶಿಯಾ ಬಟರ್, ಕೊಬ್ಬರಿ ಎಣ್ಣೆ, ಡೈಮೆಥಿಕೋನ್ ಅನ್ನುವ ಸಿಲಿಕೋನ್. ಪಟ್ಟಿಯಲ್ಲಿ ಮೊದಲು ಬರುವುದೇ ಹೆಚ್ಚಿರುವುದು. ಇಷ್ಟು ಜಿಡ್ಡು ಬಿದ್ದರೆ ಲೇಯರ್‌ನಿಂದ ಹಗುರಾದ ಮೇಲಿನ ಕೂದಲೂ ಮಧ್ಯಾಹ್ನದೊಳಗೆ ನೆತ್ತಿಗೆ ಅಂಟುತ್ತದೆ. ಬೈಸಿಕೊಳ್ಳುವುದು ಮಾತ್ರ ಕೂದಲು!

ಬುಡ ಎತ್ತಿ ನಿಲ್ಲಿಸುವುದು ಮೂಸ್, ಅಂದರೆ ಕೂದಲಿಗೆ ಹಚ್ಚುವ ನೊರೆ. ಅದರಲ್ಲಿರುವ ಪಿವಿಪಿ, ಪಾಲಿಕ್ವಾಟರ್ನಿಯಮ್-11 ಥರದ ಪಾಲಿಮರ್‌ಗಳು ಒಣಗುವಾಗ ಎಳೆಗಳ ಮೇಲೆ ತೆಳುಪೊರೆ ಕಟ್ಟಿ ಆಕಾರ ಹಿಡಿಯುತ್ತವೆ. ಭುಜದುದ್ದದ ಕೂದಲಿಗೆ ನಿಂಬೆಹಣ್ಣಿನಷ್ಟು ನೊರೆ ಸಾಕು. ಕೂದಲು ಒದ್ದೆಯಿರುವಾಗಲೇ ತಲೆ ಬಗ್ಗಿಸಿ ಮೊದಲು ಬುಡಕ್ಕೆ ಹಚ್ಚಿ, ಆಮೇಲೆ ತುದಿಯಿಂದ ಮೇಲಕ್ಕೆ ಹಿಸುಕಬೇಕು. ಕ್ರೀಮು ಬೇಕೇ ಬೇಕೆಂದರೆ ಕಾಲು ಚಮಚ, ಅದೂ ಕಿವಿಯಿಂದ ಕೆಳಕ್ಕೆ. ಡಿಫ್ಯೂಸರ್ (ಗಾಳಿ ಹರಡಲು ಡ್ರೈಯರ್‌ಗೆ ಹಾಕುವ ಅಗಲ ಮೂತಿ) ಕಡಿಮೆ ಬಿಸಿಯಲ್ಲಿರಲಿ. ಪೂರ್ತಿ ಒಣಗುವ ಮುಂಚೆ ಕೈಯಾಡಿಸಿದರೆ ಅಲೆ ಒಡೆದು ಕೆದರುತ್ತದೆ. ಒಣಗಿದ ಮೇಲೆ ಗಟ್ಟಿ ಅನ್ನಿಸುವುದು ಸಹಜ, ಮೆಲ್ಲಗೆ ಹಿಸುಕಿದರೆ ಬಿಟ್ಟುಕೊಳ್ಳುತ್ತದೆ.

ಮಂಗಳೂರಿನ ಮಳೆಗಾಲದಲ್ಲೂ ಗ್ಲಿಸರಿನ್ ತುಂಬಿದ ಜೆಲ್ ಯಾಕೆ ಮಾರುತ್ತಾರೋ! ಅದು ಗಾಳಿಯ ತೇವ ಎಳೆದುಕೊಂಡು ಕೂದಲನ್ನು ಉಬ್ಬಿಸಿ ಕೆದರಿಸುತ್ತದೆ. ಅದು ವಾಲ್ಯೂಮ್ ಅಲ್ಲ. ಇನ್ನು ಬೆಂಗಳೂರಿನ ಬೋರ್‌ವೆಲ್ ನೀರಿನ ಮನೆಗಳಲ್ಲಿ ಖನಿಜ ಕೂತು ಕೂದಲು ಒರಟಾಗಿರುತ್ತದೆ. ತಿಂಗಳಿಗೆ ಒಂದೆರಡು ಸಲ ಖನಿಜ ಹಿಡಿದು ತೆಗೆಯುವ ಇಡಿಟಿಎ ಇರುವ ಕ್ಲಾರಿಫೈಯಿಂಗ್ (ಕೂದಲಿಗೆ ಕೂತದ್ದನ್ನು ತೊಳೆಯುವ) ಶಾಂಪೂ ಹಾಕದಿದ್ದರೆ ಒಳ್ಳೆಯ ಮೂಸ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಇದನ್ನು ಡಬ್ಬಿಯ ಮೇಲೆ ಒಂದು ಸಾಲು ಬರೆಯಲು ಏನು ಕಷ್ಟ?