ತಿರುಮಣಿ ಬಿಸಿಲಿನ ಪಾಲು

ಕಳೆದ ವಾರ ಪಾವಗಡದಿಂದ ತಿರುಮಣಿ ಕಡೆ ಹೋಗಿದ್ದೆ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಸುಮಾರು 13,000 ಎಕರೆ, 2,050 ಮೆಗಾವಾಟ್. ನಾನು ಚಿಕ್ಕವನಿದ್ದಾಗ ಆ ಕಡೆಯೆಲ್ಲ ಕಡಲೆಕಾಯಿ ಹೊಲ. ಬೆಳೆ ಕೈಗೆ ಬಂದ ವರ್ಷಕ್ಕಿಂತ ಮಳೆ ಕೈಕೊಟ್ಟ ವರ್ಷವೇ ಜಾಸ್ತಿ.

ಈ ಸೋಲಾರ್ ಪಾರ್ಕ್ ಬಂದಿದ್ದು ಒಳ್ಳೆಯದೇ ಆಯಿತು ಅಂತ ಈಗಲೂ ನಂಬಿದ್ದೇನೆ. ರೈತರ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಬರದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದವರು? ಕಳೆ ಕಿತ್ತು, ಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಗುತ್ತಿಗೆ ಹಣ ಇಲ್ಲ, ಕೂಲಿಯೂ ಹೋಯಿತು. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಿತ್ತು.

ಇದು ಅನ್ಯಾಯ, ನಿಜ. ಆದರೆ ಇದರಿಂದ ಹಸಿರು ತಂತ್ರಜ್ಞಾನಕ್ಕೂ ಪೆಟ್ಟು ಬೀಳುತ್ತದೆ. ಅದನ್ನು ಯಾರೂ ಮಾತಾಡುತ್ತಿಲ್ಲ.

ಈ ಫಲಕ ಅಗ್ಗವಾಗಿದ್ದು ಹೇಗೆ? ಜರ್ಮನಿಯಲ್ಲಿ 2000ರಲ್ಲಿ ಒಂದು ಕಾನೂನು ಬಂತು. ಮನೆ ಮೇಲೆ ತಯಾರಿಸಿ ಮಾರಿದ ಕರೆಂಟಿಗೂ 20 ವರ್ಷ ನಿಗದಿತ ದರ. ಸಾಧಾರಣ ಸಂಬಳದವರು, ರೈತರು ಫಲಕ ಹಾಕಿಸಿದರು. ಗಿರಾಕಿ ಹೆಚ್ಚಾದಂತೆ ಚೀನಾದ ಕಾರ್ಖಾನೆಗಳು ಬೆಳೆದವು, ಬೆಲೆ ಇಳಿಯಿತು. ಪಾವಗಡದಂಥ ಪಾರ್ಕ್ ಕೈಗೆಟುಕಿದ್ದು ಹಾಗೆ. ಮೊದಲು ಶ್ರೀಮಂತರು ಕೊಳ್ಳಲಿ, ಆಮೇಲೆ ಎಲ್ಲರಿಗೂ ಬರುತ್ತದೆ ಅನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಮೊಬೈಲ್ ಬಂದಿದ್ದೂ ಹಾಗೇ ಅಲ್ವಾ? ಆದರೆ ಆ "ಆಮೇಲೆ" ಬರಬೇಕಾದರೆ ಕೆಳಗಿನವರ ಜೇಬಿನಲ್ಲಿ ನಾಲ್ಕು ಕಾಸು ಇರಬೇಕು. ಇಲ್ಲದಿದ್ದರೆ ಹೊಸ ವಸ್ತುವೆಲ್ಲ ಕಾರು ಇರುವವರಿಗಾಗಿಯೇ ತಯಾರಾಗುತ್ತದೆ. ಕುರಿ ಕಾಯುವವನಿಗೆ ಏನು ಬೇಕು ಅಂತ ಯಾವ ಇಂಜಿನಿಯರ್ ಕೇಳುತ್ತಾನೆ?

ಕೇಳಿದವರೂ ಇದ್ದಾರೆ. ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಶುರು ಮಾಡಿದಾಗ ಬರೀ ಫಲಕ ಮಾರಲಿಲ್ಲ. ಬಡವರ ಸಂಪಾದನೆಗೆ ಹೊಂದುವಂತೆ ಸಾಲದ ಕಂತನ್ನೂ ರೂಪಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನ್ನ ಪ್ರಕಾರ ಆ ಕಂತೂ ಒಂದು ಆವಿಷ್ಕಾರವೇ.

ಗೃಹಜ್ಯೋತಿ ಇರುವಾಗ ಬಡವರಿಗೆ ಸೋಲಾರ್ ಯಾಕೆ ಅಂತ ಗೆಳೆಯನೊಬ್ಬ ಕೇಳಿದ. ದೀಪ ಉರಿದರೆ ಸಾಲದು, ದುಡಿಮೆ ಬೇಕು.

ಆ ದಿನ ಹಳ್ಳಿಯೊಂದರಲ್ಲಿ ಹೊಲಿಗೆ ಮಾಡುವ ಅಕ್ಕ ಸಿಕ್ಕಿದ್ದರು. ಮೊದಲು ಹೊಲದ ಕೂಲಿಗೆ ಹೋಗುತ್ತಿದ್ದವರು. ಈಗ ದಿನವಿಡೀ ಕಾಲಲ್ಲಿ ತುಳಿದು ಮಂಡಿ ನೋವು. ಸೋಲಾರ್ ಮೋಟರ್ ಹಾಕಿಸಬಹುದು ಅಂದೆ. ಅವರು ಒಟ್ಟು ಬೆಲೆ ಕೇಳಲೇ ಇಲ್ಲ. "ದಿನಕ್ಕೆ ಎಷ್ಟು ಕಟ್ಟಬೇಕಣ್ಣಾ?" ಅಂದರು. ಎರಡು ಕಡೆ ಸಾಲ ವಿಚಾರಿಸಿದೆ. ಇಬ್ಬರೂ ಮೊದಲು ಕೇಳಿದ್ದು ಪಹಣಿ.