ಗೀಸರ್ ಸೋರಿತು, ಹಂಡೆ ನೆನಪಾಯಿತು

ರಾಯಚೂರಿನವರಿಗೆ ಗೀಸರ್ ಯಾಕ್ರೀ ಅಂತ ಬೆಂಗಳೂರಿನ ಗೆಳೆಯನೊಬ್ಬ ಆಗಾಗ ಕಾಲೆಳೆಯುತ್ತಾನೆ. ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ಮುಟ್ಟುತ್ತದೆ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರಿಗೆ ಮಧ್ಯಾಹ್ನ ಚಹಾಪುಡಿ ಹಾಕುವುದೊಂದೇ ಬಾಕಿ.

ಆದರೆ ಗೀಸರಿನ ನಿಜವಾದ ಉಪಯೋಗ ನಮಗೆ ಇರುವುದೇ ಆಗ. ಸ್ವಿಚ್ ಆರಿಸಿಬಿಡುತ್ತೇವೆ. ಬೆಳಗಿನ ತಂಪಿನಲ್ಲಿ ಅದರೊಳಗೆ ಹೋದ ನೀರು ಮಧ್ಯಾಹ್ನವೂ ತಂಪಾಗೇ ಇರುತ್ತದೆ. ಒಳಗಿನ ಬಿಸಿ ಹೊರಗೆ ಹೋಗದಿರಲಿ ಅಂತ ಸುತ್ತ ತುಂಬಿದ ಫೋಮ್, ಹೊರಗಿನ ಬಿಸಿಯನ್ನೂ ಒಳಗೆ ಬಿಡುವುದಿಲ್ಲ, ಅಲ್ವಾ? 15 ಲೀಟರಿನ ಮಡಕೆ ಅಂತಿಟ್ಟುಕೊಳ್ಳಿ. ಕೆಂಪು ಗುರುತಿನ ನಳದಲ್ಲಿ ತಣ್ಣೀರು, ನೀಲಿ ಗುರುತಿನದರಲ್ಲಿ ಸುಡುನೀರು. ನೆಂಟರು ಜಳಕಕ್ಕೆ ಹೋಗುವ ಮುಂಚೆಯೇ ಹೇಳಿಬಿಡಬೇಕು. ಮರೆತರೆ ಬಚ್ಚಲಿನಿಂದ ಕೂಗು ಬರುತ್ತದೆ.

ಹತ್ತು ತಿಂಗಳು ಮಡಕೆಯ ಕೆಲಸ ಮಾಡಿಸಿಕೊಂಡ ಸಿಟ್ಟೋ ಏನೋ, ಡಿಸೆಂಬರಿನಲ್ಲಿ ಸ್ವಿಚ್ ಒತ್ತಿದ ಮೂರನೇ ದಿನವೇ ಅದು ಸೋರತೊಡಗಿತು.

ಟಪ್. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಸರಿಯಾಗಿ ಕಣ್ಣು ಮುಚ್ಚುವಷ್ಟು ಹೊತ್ತು. ನಿದ್ದೆ ಹತ್ತಿತು ಅನ್ನುವಾಗ ಮತ್ತೆ ಟಪ್. ಕೆಳಗೆ ಬಕೆಟ್ ಇಟ್ಟೆವು. ಅತ್ತ ಕೃಷ್ಣಾ, ಇತ್ತ ತುಂಗಭದ್ರಾ ಹರಿಯುವ ಜಿಲ್ಲೆಯವರು ರಾತ್ರಿಯೆಲ್ಲ ಕೂತು ಹನಿ ಹಿಡಿದೆವು.

"ಮಾಳಿಗಿ ಮ್ಯಾಲ ತಾಮ್ರದ ಹಂಡೇವು ಐತಲ್ಲ, ಇಳಿಸಿಕೊಂಬಾ. ನಾಕು ಹತ್ತಿ ಕಟಗಿ ಹಾಕಿದ್ರ ನೀರು ಕಾಯ್ತಾವ," ಅಂದಳು ಅವ್ವ. ಮೊಣಕಾಲು ನೋವಿನಿಂದಾಗಿ ಅವಳು ಮಾಳಿಗೆ ಹತ್ತಿ ಎರಡು ವರ್ಷವಾಗಿದೆ.

"ಬ್ಯಾಡವ್ವ, ಪ್ಲಂಬರ್ ಬರ್ತಾನ," ಅಂದೆ. ಸ್ವಲ್ಪ ಅವಸರದಲ್ಲೇ ಅಂದೆ.

ಪ್ಲಂಬರ್ "ಹತ್ತು ನಿಮಿಷದಾಗ ಬಂದೆ ಸರ್" ಅಂದದ್ದು ಸೋಮವಾರ. ಬುಧವಾರದವರೆಗೆ ನಾನೇ ಪ್ಲಂಬರ್. ಸ್ಟೂಲ್ ಹತ್ತಿ ಟಾರ್ಚ್ ಬಿಟ್ಟೆ. ತಣ್ಣೀರು ಒಳಗೆ ಹೋಗುವ ಪೈಪಿಗೆ ಒಂದು ಗಿಡ್ಡ ವಾಲ್ವ್. ಅದರ ಬದಿಗೆ ಚಿಕ್ಕ ಮೂತಿ. ಹನಿ ಉದುರುತ್ತಿದ್ದದ್ದು ಆ ಮೂತಿಯಿಂದಲೇ. ಕಳ್ಳ ಸಿಕ್ಕ! ಬೆಂಡು ಕೆತ್ತಿ ತುರುಕಿದೆ. ಮೇಲೆ ಟೆಫ್ಲಾನ್ ಟೇಪ್ ಹದಿನೈದು ಸುತ್ತು. ಎಲ್ಲ ಮುಗಿದಾಗ ಆ ವಾಲ್ವು ಜಾತ್ರೆ ಜಗಳದಲ್ಲಿ ತಲೆ ಒಡೆಸಿಕೊಂಡವನ ಹಾಗೆ ಕಾಣುತ್ತಿತ್ತು. ಟಪ್ ನಿಂತಿತು. ಅವತ್ತು ಗೊರಕೆ ಜಾಸ್ತಿ ಇತ್ತು ಅಂತ ಮನೆಯವರ ದೂರು.

ಬೆಳಗ್ಗೆ ಎದ್ದು ನೋಡಿದರೆ ಗೀಸರಿನ ತಳದಿಂದಲೇ ಕಂದು ನೀರು. ಬಿಳಿ ಟೈಲ್ಸ್ ಮೇಲೆ ಉದ್ದಕ್ಕೂ ಇಳಿದ ತುಕ್ಕಿನ ಗೆರೆ. ಕರೆಂಟೂ ಇರಲಿಲ್ಲ. ಅದು ಎಷ್ಟು ಪುಣ್ಯದ ಕೆಲಸ ಅಂತ ಪ್ಲಂಬರ್ ಬಂದ ಮೇಲೆ ಗೊತ್ತಾಯಿತು.

ಅವನು ನನ್ನ ಬ್ಯಾಂಡೇಜನ್ನು ಬಹಳ ಹೊತ್ತು ನೋಡಿದ.

"ಇದನ್ನ್ಯಾರು ಮಾಡ್ಯಾರ ಸರ್?"

"ಹಿಂದಿನ ಪ್ಲಂಬರ್," ಅಂದೆ.

"ಅವ್ನಿಗೆ ಕೆಲಸಾನ ಬರಂಗಿಲ್ಲ ಬಿಡ್ರಿ."

ನಾನೂ ತಲೆಯಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ನೀರು ಕಾದರೆ ಉಬ್ಬುತ್ತದಂತೆ. 15 ಲೀಟರ್ ತಣ್ಣೀರನ್ನು 65 ಡಿಗ್ರಿಗೆ ಕಾಯಿಸಿದರೆ ಕಾಲು ಲೀಟರಿನಷ್ಟು ಹೆಚ್ಚಾಗುತ್ತದೆ. ವಾಲ್ವು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ನಳ ಬಂದ್ ಇದ್ದರೆ ಮುಂದಕ್ಕೂ ದಾರಿಯಿಲ್ಲ. ಉಳಿಯುವುದು ಆ ಮೂತಿ ಒಂದೇ. "ಕಾಯೋವಾಗ ನಾಕು ಹನಿ ಬಿದ್ರ ಅದು ಅದರ ಕೆಲಸ ಸರ್. ರಾತ್ರಿಪೂರಾ ಬಿದ್ರ ವಾಲ್ವಿನಾಗ ಸುಣ್ಣ ಕೂತೈತಿ, ಬದಲಿ ಮಾಡಬೇಕು. ಮುಚ್ಚಬಾರದು. ಕರೆಂಟ್ ಇದ್ದಿದ್ರ ಇಷ್ಟೊತ್ತಿಗೆ ಬಾಂಬ್!"

ಆಮೇಲೆ ಗೀಸರನ್ನು ಇಳಿಸಿ ಹೊಟ್ಟೆ ಬಿಚ್ಚಿದ. ಬೋರಿನ ಉಪ್ಪುನೀರು ಒಂಬತ್ತು ವರ್ಷ ಏನು ಮಾಡಿತ್ತು ಅಂತ ಆಗ ಕಂಡಿತು. ಕಾಯಿಸುವ ಸುರುಳಿಯ ಮೇಲೆ ಬಿಳಿ ಸುಣ್ಣ ಹೆಬ್ಬೆರಳು ದಪ್ಪ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಹಳೇ ಗೋಡೆಯ ಹಾಗೆ ಹಕ್ಕಳಿಕೆ ಉದುರಿತು. ಪಕ್ಕದಲ್ಲಿ ಒಂದು ಮೆಗ್ನೀಷಿಯಂ ಕಡ್ಡಿ ಇರುತ್ತದಂತೆ. ತುಕ್ಕು ತೊಟ್ಟಿಯನ್ನು ತಿನ್ನದಿರಲಿ ಅಂತ ಆ ಕಡ್ಡಿ ತಾನೇ ಸವೆಯುತ್ತದೆ. ನಮ್ಮದು ಸವೆದೂ ಸವೆದೂ ಸುಟ್ಟ ಊದಿನಕಡ್ಡಿಯಷ್ಟಾಗಿತ್ತು. ವರ್ಷ ಎರಡು ವರ್ಷಕ್ಕೊಮ್ಮೆ ತೆಗೆದು ನೋಡಬೇಕಿತ್ತಂತೆ. ನನಗೆ ಅಂಥ ಕಡ್ಡಿ ಇದೆ ಅನ್ನುವುದೇ ಅವತ್ತು ಗೊತ್ತಾಗಿದ್ದು. ಕಡ್ಡಿ ಮುಗಿದ ಮೇಲೆ ತುಕ್ಕಿಗೆ ಉಳಿದದ್ದು ತೊಟ್ಟಿ.

"ತಳಾನ ತೂತು ಬಿದ್ದೈತಿ ಸರ್. ಇದಕ್ಕ ರಿಪೇರಿ ಇಲ್ಲ, ಹೊಸಾದು ತರ್ರಿ."

ತೂತು ಅನ್ನುವ ಮಾತು ಅವ್ವನ ಕಿವಿಗೆ ಬಿತ್ತು. ಗೋಡೆ ಹಿಡಿದುಕೊಂಡು ಬಂದೇಬಿಟ್ಟಳು.

"ಒಂಬತ್ತು ವರ್ಷಕ್ಕ ತೂತು! ನಮ್ಮತ್ತಿ ಕಾಲದ ಹಂಡೇವು ಅದು. ಅರವತ್ತು ವರ್ಷ ಆತು, ಒಂದು ಹನಿ ಸೋರಿಲ್ಲ. ತಮ್ಮಾ, ನೀನರ ಮ್ಯಾಲ ಹೋಗಿ ಇಳಿಸಿಕೊಂಬಾಪ್ಪ. ಇವ ಮೂರು ದಿನದಿಂದ ಏನೇನೋ ನೆವ ಹೇಳಾಕತ್ಯಾನ."

ತಡೆಯುವಷ್ಟರಲ್ಲಿ ಪ್ಲಂಬರ್ ಮೆಟ್ಟಿಲು ಹತ್ತಿಯಾಗಿತ್ತು. ಹೋದ ವರ್ಷ ಅವ್ವ ಮಾನ್ವಿಗೆ ಅಕ್ಕನ ಮನೆಗೆ ಹೋಗಿದ್ದಾಗ ಪಕ್ಕದ ಮನೆಯಿಂದ ಡ್ರಿಲ್ ಮಷಿನ್ ತಂದದ್ದು ನೆನಪಾಯಿತು. ಸುಮ್ನೆ ನಿಂತೆ.

ಮೇಲಿನಿಂದ ಕೂಗು ಬಂತು. "ಸರ್, ಇದರಾಗ ಕರಿಬೇವು ಬೆಳದೈತಿ! ತಳಕ್ಕ ಮೂರು ತೂತು ಬ್ಯಾರೆ ಹೊಡದಾರ! ಇದನ್ನ್ಯಾರು ಮಾಡ್ಯಾರ?"

ಅವ್ವ ನನ್ನ ಮುಖ ನೋಡಿದಳು. ನಾನು ಗೀಸರ್ ನೋಡಿದೆ.

"ಹಿಂದಿನ ಪ್ಲಂಬರ್," ಅಂತ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿತು.