ಇಂಡೋನೇಷ್ಯಾದ ನಿಕ್ಕಲ್ ಎಲ್ಲ ಕಾರಿನ ಬ್ಯಾಟರಿಗೇ ಹೋಗುತ್ತಾ? ಸತ್ಯಾಂಶ

‘ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ಕಾಡು ಕಡಿದು ನಿಕ್ಕಲ್ ಅಗೆಯೋದು ಎಲೆಕ್ಟ್ರಿಕ್ ಕಾರಿಗಾಗಿಯೇ’ ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಕಾಡು ಹಾಳಾಗುತ್ತಿರುವುದು ನಿಜ. ಆದರೆ ಇಂಡೋನೇಷ್ಯಾದ ನಿಕ್ಕಲ್‌ನಲ್ಲಿ ಹೆಚ್ಚಿನ ಪಾಲು ಹೋಗುವುದು ಸ್ಟೇನ್‌ಲೆಸ್ ಸ್ಟೀಲ್‌ಗೆ. ಬೈಯುವುದಾದರೆ ಅಡುಗೆಮನೆಯ ಸಿಂಕನ್ನೂ ಸೇರಿಸಿ ಬೈಯಬೇಕು, ಅಲ್ವಾ?

ಅಲ್ಲಿನ ಲ್ಯಾಟರೈಟ್ (ಜಂಬಿಟ್ಟಿಗೆ) ಗಣಿಯಲ್ಲಿ ಮೇಲಿರುವುದು ಕೆಂಪು ಮಣ್ಣಿನಂಥ ಲಿಮೊನೈಟ್. ಅದರ ಕೆಳಗೆ ಶಿಥಿಲವಾದ ಕಲ್ಲಿನ ಪದರ, ಸ್ಯಾಪ್ರೊಲೈಟ್. ನಿಕ್ಕಲ್ ಇದರಲ್ಲೇ ಜಾಸ್ತಿ. ಜಾಸ್ತಿ ಅಂದರೂ ಸುಮಾರು ಶೇ 2 ಅಷ್ಟೇ! ಇದನ್ನು ಕುಲುಮೆಯಲ್ಲಿ ಕರಗಿಸಿ ಉಕ್ಕಿಗೆ ಬಳಸುತ್ತಾರೆ. ಬ್ಯಾಟರಿಗೆ ಮುಖ್ಯವಾಗಿ ಲಿಮೊನೈಟ್ ಬೇಕು. ಸುಮಾರು 250 ಡಿಗ್ರಿ ಬಿಸಿ, ಭಾರಿ ಒತ್ತಡ, ಜೊತೆಗೆ ಗಂಧಕಾಮ್ಲ ಕೊಟ್ಟರೆ ನಿಕ್ಕಲ್ ಬಿಡುತ್ತದೆ. ಕೊನೆಗೆ ಉಳಿಯುವ ಕೆಸರಿನ ರಾಶಿಯೇ ದೊಡ್ಡ ತಲೆನೋವು.

ಇನ್ನು ಟಾಟಾ ನೆಕ್ಸಾನ್ ಇವಿಯಲ್ಲಿರುವಂಥ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ನಿಕ್ಕಲ್ ಬಳಸುವುದೇ ಇಲ್ಲ.